ತಿಮ್ಮಯ್ಯನವರು ವಸಂತಕ್ಕೆ ಯಾಕೆ ಕಾಯಲಿಲ್ಲ?

ಬೆಂಗಳೂರಿನ ರಿಚ್‌ಮಂಡ್ ರಸ್ತೆಗೆ ಇನ್ನೊಂದು ಹೆಸರಿದೆ. ಜನರಲ್ ತಿಮ್ಮಯ್ಯ ರಸ್ತೆ. ತಿಪಟೂರಿನಿಂದ ರೈಲು ಹತ್ತಿ ಇಂಟರ್ವ್ಯೂಗೆ, ಇಂಟರ್ನ್‌ಶಿಪ್‌ಗೆ ಅಂತ ಬೆಂಗಳೂರಿಗೆ ಹೋಗಿಬರೋ ನಮ್ಮಲ್ಲಿ ಎಷ್ಟೋ ಜನ ಆ ರಸ್ತೆಯಲ್ಲಿ ಓಡಾಡಿದ್ದೇವೆ. ಆದರೆ ಆ ಹೆಸರು ಹಿಡಿದು ವಿಳಾಸ ಹೇಳೋರು ಕಡಿಮೆ. ಮಡಿಕೇರಿಗೆ ಟ್ರಿಪ್ ಹೋದಾಗ ವೃತ್ತದಲ್ಲಿ ನಿಂತಿರೋ ಪ್ರತಿಮೆಯ ಮುಂದೆ ಫೋಟೋ ತೆಗೆಸಿಕೊಂಡವರೂ ನಮ್ಮಲ್ಲಿ ಇದ್ದಾರೆ. ಯಾರು ಇವರು ಅಂದರೆ ಸೇನೆಯ ದೊಡ್ಡ ಅಧಿಕಾರಿ, ಕೊಡಗಿನವರು, ಅಲ್ಲಿಗೆ ಮಾತು ಮುಗಿಯುತ್ತೆ.

ಈ ಸಲದ ವ್ಯಕ್ತಿ ಪರಿಚಯಕ್ಕೆ ನಾವು ಅವರನ್ನೇ ಆರಿಸಿಕೊಂಡಿದ್ದೇವೆ. ಅವರು ಭೂಸೇನೆಯ ಮುಖ್ಯಸ್ಥರಾಗಿದ್ದರು ಅನ್ನೋದು ಇದಕ್ಕೆ ಮುಖ್ಯ ಕಾರಣ ಅಲ್ಲ. ಕಾಫಿ ತೋಟದ ನಾಡಿನಲ್ಲಿ ಹುಟ್ಟಿ, ಜಿಟಿಜಿಟಿ ಮಳೆ ನೋಡಿ ಬೆಳೆದ ಒಬ್ಬ ಮನುಷ್ಯ ಹಿಮದ ಲೆಕ್ಕಾಚಾರ ಕಲಿತು, ಅದರ ಮೇಲೆ ಒಂದು ಇಡೀ ಪ್ರದೇಶದ ಹಣೆಬರಹ ನಿಂತಿದ್ದ ಹೊತ್ತಿನಲ್ಲಿ ಸರಿಯಾದ ದಿನ ಆರಿಸಿಕೊಂಡ ಅನ್ನೋದು ನಮ್ಮನ್ನು ಹಿಡಿದು ನಿಲ್ಲಿಸಿತು. ಎಂಜಿನಿಯರಿಂಗ್ ಓದೋರಿಗೆ ಇದರಲ್ಲಿ ಮೇವು ಜಾಸ್ತಿ ಇದೆ. ಹಿಮಕುಸಿತದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇವೆ. ಅದು ಗೊತ್ತಾಗದೆ ತಿಮ್ಮಯ್ಯನವರು ಮಾಡಿದ್ದು ಪೂರ್ತಿ ಅರ್ಥ ಆಗೋದಿಲ್ಲ.

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಹುಟ್ಟಿದ್ದು 1906ರ ಮಾರ್ಚ್ 31ರಂದು, ಮಡಿಕೇರಿಯಲ್ಲಿ. ಕಾಫಿ ಬೆಳೆಗಾರರ ಅನುಕೂಲಸ್ಥ ಮನೆತನ. ತಾಯಿ ಸೀತಮ್ಮ ಓದಿಕೊಂಡವರು, ಊರ ಕೆಲಸಗಳಲ್ಲಿ ಮುಂದೆ ನಿಲ್ಲುತ್ತಿದ್ದವರು. ಹುಡುಗನನ್ನು ಚಿಕ್ಕಂದಿನಲ್ಲೇ ಕೂನೂರಿನ ಸೇಂಟ್ ಜೋಸೆಫ್ ಶಾಲೆಗೆ ಹಾಕಿದರು, ಆಮೇಲೆ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಗೆ. ಅಲ್ಲಿಂದ ಡೆಹ್ರಾಡೂನಿನ ಮಿಲಿಟರಿ ಕಾಲೇಜು, ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. 1926ರಲ್ಲಿ ಅಧಿಕಾರಿಯಾಗಿ ಹೊರಬಂದಾಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ನಮ್ಮಲ್ಲಿ ನಾಲ್ಕನೇ ಸೆಮಿಸ್ಟರಿನವರ ವಯಸ್ಸು. ಬ್ರಿಟಿಷರ ಸೈನ್ಯದಲ್ಲಿ ಭಾರತೀಯ ಅಧಿಕಾರಿಗಳನ್ನು ಬೆರಳಲ್ಲಿ ಎಣಿಸಬಹುದಾಗಿದ್ದ ಕಾಲ ಅದು. ಹೈದರಾಬಾದ್ ರೆಜಿಮೆಂಟ್ ಸೇರಿಕೊಂಡರು. ಅದೇ ಮುಂದೆ ಕುಮಾವೂ ರೆಜಿಮೆಂಟ್ ಅಂತ ಹೆಸರು ಬದಲಿಸಿಕೊಂಡಿತು.

1935ರಲ್ಲಿ ಮದುವೆಯಾಯಿತು. ಹೆಂಡತಿ ನೀನಾ ಕೂಡ ಕೊಡಗಿನವರೇ. ಹೊಸ ದಂಪತಿ ಸಂಸಾರ ಹೂಡಿದ್ದು ಈಗ ಪಾಕಿಸ್ತಾನದಲ್ಲಿರೋ ಕ್ವೆಟ್ಟಾದಲ್ಲಿ. ಆ ವರ್ಷ ಮೇ 31ರ ಬೆಳಗಿನ ಜಾವ ಭೂಕಂಪ ಆಗಿ, ಊರಿಗೆ ಊರೇ ನೆಲಸಮವಾಯಿತು. ಸತ್ತವರು ಸುಮಾರು ಮೂವತ್ತು ಸಾವಿರ ಅಥವಾ ಅದಕ್ಕೂ ಹೆಚ್ಚು. ಗಂಡ ಹೆಂಡತಿ ಇಬ್ಬರೂ ಪರಿಹಾರದ ಕೆಲಸಕ್ಕೆ ಇಳಿದರು, ನೀನಾ ಅವರಿಗೆ ಅದಕ್ಕಾಗಿ ಕೈಸರ್ ಎ ಹಿಂದ್ ಪದಕವೂ ಬಂತು. ಅವಶೇಷದಡಿ ಸಿಕ್ಕಿಕೊಂಡವರ ವಿಷಯದಲ್ಲಿ ಒಂದೊಂದು ಗಂಟೆ ತಡವೂ ಎಷ್ಟು ದುಬಾರಿ ಅಂತ ಇಪ್ಪತ್ತೊಂಬತ್ತರ ಹರೆಯದಲ್ಲೇ ಅವರು ಕಣ್ಣಾರೆ ನೋಡಿದ್ದರು.

ಎರಡನೇ ಮಹಾಯುದ್ಧದ ಭಾಗವನ್ನು ಬೇಗ ಹೇಳಿ ಮುಗಿಸುತ್ತೇವೆ. ಬರ್ಮಾದ ಅರಕಾನ್ ಕಡೆ ಮೊದಲು ಒಂದು ಬೆಟಾಲಿಯನ್ನಿಗೆ, ಆಮೇಲೆ 36ನೇ ಬ್ರಿಗೇಡಿಗೆ ನಾಯಕರಾಗಿದ್ದರು. ರಣರಂಗದಲ್ಲಿ ಒಂದು ಇಡೀ ಬ್ರಿಗೇಡನ್ನು ನಡೆಸಿದ ಮೊದಲ ಭಾರತೀಯ ಅವರೇ. ಡಿಎಸ್‌ಒ ಗೌರವ ಬಂತು. 1945ರ ಸೆಪ್ಟೆಂಬರಿನಲ್ಲಿ ಸಿಂಗಾಪುರದಲ್ಲಿ ಜಪಾನಿಯರು ಶರಣಾದಾಗ ಭಾರತದ ಪರವಾಗಿ ಅಲ್ಲಿದ್ದರು. ಇಷ್ಟರವರೆಗೂ ಅವರ ಯುದ್ಧವೆಲ್ಲ ಕಾಡು, ಕೆಸರು, ಸೊಳ್ಳೆ, ಮಳೆ. ಕೊಡಗಿನವರಿಗೆ ಅದೇನೂ ಪೂರಾ ಹೊಸದಲ್ಲ. ಹಿಮದ ಅಧ್ಯಾಯ ಶುರುವಾಗೋದು 1948ರಲ್ಲಿ.

ಈಗ ಹಿಮದ ಕಡೆ ಬರೋಣ.

ನಮ್ಮ ಪೇಪರ್‌ಗಳಲ್ಲಿ ಹಿಮಪಾತ ಅನ್ನೋ ಒಂದೇ ಮಾತನ್ನು ಎರಡಕ್ಕೂ ಬಳಸುತ್ತಾರೆ. ಶಿಮ್ಲಾದಲ್ಲಿ ಹೂವಿನ ಹಾಗೆ ಹಿಮ ಬಿದ್ದರೂ ಹಿಮಪಾತ, ಸಿಯಾಚಿನ್‌ನಲ್ಲಿ ಗುಡ್ಡದಷ್ಟು ಹಿಮ ಜಾರಿ ಜನ ಸತ್ತರೂ ಹಿಮಪಾತ. ಈ ಗೊಂದಲ ನಮಗೆ ಬೇಡ. ಮೇಲಿಂದ ಬೀಳೋದು ಹಿಮ, ಬೆಟ್ಟದ ಮೈಯಿಂದ ಕಿತ್ತುಕೊಂಡು ಬರೋದು ಹಿಮಕುಸಿತ.

ಸಮುದ್ರ ಮಟ್ಟದಿಂದ ಒಂಬೈನೂರು ಮೀಟರನ್ನೂ ಮುಟ್ಟದ ತಿಪಟೂರಿನಲ್ಲಿ ಕೂತು ಇದನ್ನು ಅರ್ಥ ಮಾಡಿಕೊಳ್ಳೋದು ಹೇಗೆ? ತೋಟದ ಅಂಗಳದಲ್ಲಿ ಕೆಡವಿದ ಕಾಯಿಯ ರಾಶಿ ನೆನಪು ಮಾಡಿಕೊಳ್ಳಿ. ಮೇಲೆ ಮೇಲೆ ಕಾಯಿ ಸುರಿದ ಹಾಗೆ ರಾಶಿ ಎತ್ತರ ಆಗುತ್ತೆ, ಒಂದು ಓರೆಗೆ ಬಂದು ನಿಲ್ಲುತ್ತೆ. ಆ ಓರೆ ದಾಟಿದರೆ ತಾನೇ ಉರುಳಿಕೊಳ್ಳುತ್ತೆ. ಬುಡದಿಂದ ಒಂದು ಕಾಯಿ ಎಳೆದರೆ ಹತ್ತು ಕಾಯಿ ಕಾಲ ಮೇಲೆ. ಹಿಮಕ್ಕೂ ಹೀಗೇ ಒಂದು ಓರೆಯ ಲೆಕ್ಕ ಇದೆ. ಇಳಿಜಾರು 25 ಡಿಗ್ರಿಗಿಂತ ಕಡಿಮೆ ಇದ್ದರೆ ಕುಸಿತ ಅಪರೂಪ. ತೀರಾ ಕಡಿದಾಗಿದ್ದರೆ ಹಿಮ ನಿಲ್ಲೋದೇ ಇಲ್ಲ, ಬಿದ್ದ ಹಾಗೇ ಚೂರುಚೂರಾಗಿ ಜಾರಿ ಹೋಗುತ್ತೆ. ಮಧ್ಯದ 30ರಿಂದ 45 ಡಿಗ್ರಿಯೇ ಅಪಾಯದ ಪಟ್ಟಿ. ನಮ್ಮ ಮನೆಗಳ ಮೆಟ್ಟಿಲಿನ ಓರೆಯಿಂದ ಶುರುವಾಗಿ ಅದಕ್ಕಿಂತ ಸ್ವಲ್ಪ ಕಡಿದಾದ ಇಳಿಜಾರು ಅಂದುಕೊಳ್ಳಿ.

ಆದರೆ ಕಾಯಿ ರಾಶಿಯ ಹೋಲಿಕೆ ಇಲ್ಲಿಗೆ ಸಾಕಾಗೋದಿಲ್ಲ. ಹಿಮ ಪದರ ಪದರವಾಗಿ ಕೂರುತ್ತೆ. ನವೆಂಬರಿನ ಹಿಮ ಕೆಳಗೆ, ಜನವರಿಯದು ಅದರ ಮೇಲೆ, ಗಾಳಿ ಹೊತ್ತು ತಂದು ಬಡಿದದ್ದು ಇನ್ನೂ ಮೇಲೆ. ಕೆಳಗಿನ ಪದರ ಚಳಿಗಾಲ ಪೂರ್ತಿ ಒಳಗೊಳಗೇ ಬದಲಾಗುತ್ತೆ. ನೆಲ ಸ್ವಲ್ಪ ಬೆಚ್ಚಗೆ, ಮೇಲ್ಮೈ ಕೊರೆಯೋ ತಣ್ಣಗೆ ಇರೋದರಿಂದ ನೀರಾವಿ ಕೆಳಗಿಂದ ಮೇಲಕ್ಕೆ ಸರಿದು, ಹಿಮದ ಕಣಗಳು ಒಂದಕ್ಕೊಂದು ಅಂಟಿಕೊಳ್ಳದ ದಪ್ಪ ಹರಳುಗಳಾಗುತ್ತವೆ. ಕೈಯಲ್ಲಿ ಹಿಡಿದರೆ ಸಕ್ಕರೆ ಹಾಗೆ ಸುರಿದುಹೋಗುತ್ತವೆ. ಇಳಿಜಾರು ಕಣದ ಮೇಲೆ ರಾಗಿ ಹರಡಿ, ಅದರ ಮೇಲೆ ದೊಡ್ಡ ಚಪ್ಪಡಿ ಇಟ್ಟರೆ ಹೇಗಿರುತ್ತೆ? ನಿಂತಿದೆ ಅಂದರೆ ನಿಂತಿದೆ, ಅಷ್ಟೇ. ಒಬ್ಬ ಮನುಷ್ಯನ ಭಾರ ಬಿದ್ದರೂ ಸಾಕು, ಎಲ್ಲೋ ಒಂದು ಕಡೆ ಬಿರುಕು ಹುಟ್ಟಿ, ಕಣ್ಣು ಮುಚ್ಚಿ ತೆಗೆಯೋದರೊಳಗೆ ಇಡೀ ಇಳಿಜಾರಿಗೆ ಹರಡಿ, ಚಪ್ಪಡಿ ಕಳಚಿಕೊಳ್ಳುತ್ತೆ.

ಇದು ಚಳಿಗಾಲದ ಕಥೆ. ವಸಂತದ್ದು ಬೇರೆ.

ಮಾರ್ಚ್ ಕಳೆದ ಮೇಲೆ ಬಿಸಿಲು ಏರುತ್ತೆ. ನಮ್ಮ ಕಡೆ ಯುಗಾದಿ ಮುಗಿದು ಮಾವಿನ ಮಿಡಿ ಬಲಿಯೋ ಹೊತ್ತು. ಅಲ್ಲಿ ಅದೇ ಬಿಸಿಲು ಹಿಮದ ಮೇಲ್ಮೈಯನ್ನು ಕರಗಿಸಿ, ನೀರು ಪದರಗಳ ನಡುವೆ ಇಳಿಯೋಕೆ ಶುರು. ಹಿಮ ಪೂರ್ತಿ ಕರಗಬೇಕಾದರೆ ಒಂದು ಕಿಲೋಗೆ 334 ಕಿಲೋಜೌಲ್ ಶಾಖ ಬೇಕು ಅಂತ ನಾವು ಪಿಯುಸಿಯಲ್ಲೇ ಓದಿದ್ದೇವೆ, ಅಂದರೆ ಕರಗೋದು ನಿಧಾನ. ಆದರೆ ಕುಸಿಯೋಕೆ ಪೂರ್ತಿ ಕರಗಬೇಕಾಗಿಲ್ಲ. ಕಣ ಕಣದ ನಡುವಿನ ಸಣ್ಣ ಬೆಸುಗೆ ಬಿಟ್ಟರೆ ಸಾಕು. ಇಡೀ ಪದರ ಸೊನ್ನೆ ಡಿಗ್ರಿಗೆ ಬಂದು ನಿಂತಾಗ ಇಳಿದುಬಂದ ನೀರು ಯಾವುದಾದರೂ ಗಟ್ಟಿ ಪದರದ ಮೇಲೋ ನುಣುಪು ಬಂಡೆಯ ಮೇಲೋ ತಡೆದು ನಿಲ್ಲುತ್ತೆ. ಅಲ್ಲಿಗೆ ಹಿಡಿತ ಹೋಯಿತು. 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತಮುತ್ತ ಗುಡ್ಡಗಳು ಕುಸಿದಾಗ ಆದದ್ದೂ ಬಹುಮಟ್ಟಿಗೆ ಇದೇ ತತ್ವ. ಅಲ್ಲಿ ಮಣ್ಣು, ಇಲ್ಲಿ ಹಿಮ. ಎರಡು ಕಡೆಯೂ ಒಳಗೆ ಸೇರಿದ ನೀರಿನದೇ ಕಿತಾಪತಿ.

ಒಣ ಹಿಮದ ಕುಸಿತ ಗಂಟೆಗೆ ನೂರು ಇನ್ನೂರು ಕಿಲೋಮೀಟರ್ ವೇಗದಲ್ಲಿ ಹೊಗೆಯ ಹಾಗೆ ಬರುತ್ತೆ. ವಸಂತದ ಒದ್ದೆ ಹಿಮ ಅಷ್ಟು ಓಡೋದಿಲ್ಲ, ಆದರೆ ಅದರ ತೂಕ ಭಯಂಕರ. ಒಂದು ವಾಲಿಬಾಲ್ ಅಂಕಣದಷ್ಟು ಜಾಗ, ಅಂದರೆ 18 ಮೀಟರಿಗೆ 9 ಮೀಟರ್, ಅದರ ಮೇಲೆ ಒಂದೇ ಒಂದು ಮೀಟರ್ ದಪ್ಪದ ಒದ್ದೆ ಹಿಮ ಇದೆ ಅಂದುಕೊಳ್ಳಿ. ಘನಮೀಟರಿಗೆ 400 ಕಿಲೋ ಹಿಡಿದರೆ 64,800 ಕಿಲೋ. ಹತ್ತಿರ ಹತ್ತಿರ 65 ಟನ್. ತಿಮ್ಮಯ್ಯನವರು ಬೆಟ್ಟ ಹತ್ತಿಸಿದ ಸ್ಟುವರ್ಟ್ ಟ್ಯಾಂಕ್ ಒಂದೊಂದು ಸುಮಾರು 15 ಟನ್. ಅಂಥ ನಾಲ್ಕು ಟ್ಯಾಂಕುಗಳ ಭಾರ ಒಂದು ವಾಲಿಬಾಲ್ ಅಂಕಣದಷ್ಟು ಹಿಮದಲ್ಲೇ ಇದೆ. ನಿಜವಾದ ಕುಸಿತದಲ್ಲಿ ಬರೋದು ಇಂಥ ನೂರಾರು ಅಂಕಣ. ನಿಂತ ಮೇಲೆ ಅದು ಕಾಂಕ್ರೀಟಿನ ಹಾಗೆ ಬಿಗಿದುಕೊಳ್ಳುತ್ತೆ. ಒಳಗಿರೋರು ಬೆರಳು ಕೂಡ ಅಲ್ಲಾಡಿಸೋಕೆ ಆಗೋದಿಲ್ಲ. ಮೊದಲ ಹತ್ತು ಹದಿನೈದು ನಿಮಿಷದಲ್ಲಿ ಹೊರಗೆ ತೆಗೆದರೆ ಹೆಚ್ಚಿನವರು ಬದುಕುತ್ತಾರೆ, ಅರ್ಧ ಗಂಟೆ ದಾಟಿದರೆ ಬದುಕೋರೇ ಕಡಿಮೆ.

ವಸಂತದ ಅಪಾಯಕ್ಕೆ ಒಂದು ವೇಳಾಪಟ್ಟಿ ಇದೆ ಅನ್ನೋದೊಂದೇ ಸಮಾಧಾನ. ರಾತ್ರಿ ಆಕಾಶ ತಿಳಿಯಾಗಿದ್ದರೆ ಹಿಮ ಮತ್ತೆ ಹೆಪ್ಪುಗಟ್ಟುತ್ತೆ, ಮುಂಜಾನೆ ಕಲ್ಲಿನ ಹಾಗಿರುತ್ತೆ. ಸೂರ್ಯ ಮೊದಲು ಪೂರ್ವಕ್ಕೆ ಮುಖ ಮಾಡಿದ ಇಳಿಜಾರನ್ನು ಸಡಿಲ ಮಾಡ್ತಾನೆ, ಆಮೇಲೆ ದಕ್ಷಿಣದ್ದು, ಮಧ್ಯಾಹ್ನದ ಮೇಲೆ ಪಶ್ಚಿಮದ್ದು. ಹಿಮಾಲಯದ ಜನ ನಸುಕಿನಲ್ಲೇ ಕಣಿವೆ ದಾಟಿಬಿಡೋದು ಇದಕ್ಕೇ. ಮೋಡ ಮುಚ್ಚಿದ ಬೆಚ್ಚನೆಯ ರಾತ್ರಿ ಮಾತ್ರ ಈ ಪಟ್ಟಿಯನ್ನು ಕೆಡಿಸಿಬಿಡುತ್ತೆ. ಆಗ ಬೆಳಗ್ಗೆ ಆರು ಗಂಟೆಯೂ ಅಪಾಯವೇ.

ಇನ್ನೊಂದು ಮಾತು. ಕೂಗಿದರೆ ಹಿಮ ಕುಸಿಯುತ್ತೆ ಅಂತ ಸಿನಿಮಾದಲ್ಲಿ ತೋರಿಸ್ತಾರಲ್ಲ, ಅದು ಸುಳ್ಳು. ಮನುಷ್ಯನ ದನಿಯ ಒತ್ತಡ ಅಷ್ಟಕ್ಕೆಲ್ಲ ಸಾಲದು. ಸ್ಫೋಟಕದ್ದು ಸಾಕಾಗುತ್ತೆ. ಅದನ್ನೇ ಬಳಸಿ ಬೇಕೆಂದೇ ಹಿಮ ಕೆಡವೋ ಪದ್ಧತಿ ಇವತ್ತು ಪ್ರಪಂಚದ ಎಲ್ಲ ಕಡೆ ಇದೆ. ಮೊದಲ ಮಹಾಯುದ್ಧದಲ್ಲಿ ಆಲ್ಪ್ಸ್ ಪರ್ವತದಲ್ಲಿ ಗುಂಡಿಗಿಂತ ಹಿಮವೇ ದೊಡ್ಡ ಶತ್ರುವಾಗಿದ್ದ ದಿನಗಳಿದ್ದವು. 1916ರ ಡಿಸೆಂಬರ್ 13ರಂದು ಮಾರ್ಮೊಲಾಡ ಬೆಟ್ಟದಲ್ಲಿ ಆಸ್ಟ್ರಿಯಾದ ಸೈನಿಕರ ಬಿಡಾರದ ಮೇಲೆ ಹಿಮ ಬಿದ್ದು ಒಂದೇ ಸಲಕ್ಕೆ ಸುಮಾರು 270 ಜನ ಹೋದರು.

ಸರಿ, 1948. ಹಿಂದಿನ ವರ್ಷದ ಅಕ್ಟೋಬರಿನಲ್ಲಿ ಕಾಶ್ಮೀರದ ಮೇಲೆ ದಾಳಿ ಶುರುವಾಗಿತ್ತು. ಶ್ರೀನಗರ ಉಳಿದುಕೊಂಡಿತು, ಆದರೆ ಉತ್ತರದ ಗಿಲ್ಗಿಟ್ ಕೈತಪ್ಪಿತು. ಅಲ್ಲಿಂದ ದಾಳಿಕೋರರು ಸ್ಕರ್ದುವನ್ನು ಸುತ್ತುವರಿದು ಲಡಾಖಿನ ಕಡೆ ಕಣ್ಣು ಹಾಕಿದರು. ಶ್ರೀನಗರದಿಂದ ಲೇಹ್‌ಗೆ ಹೋಗೋ ದಾರಿ ಒಂದೇ, ಅದು ಜೋಜಿ ಲಾ ಕಣಿವೆಯ ಮೇಲೆ. ಎತ್ತರ 11,575 ಅಡಿ. ಹಿಮಾಲಯದ ಲೆಕ್ಕದಲ್ಲಿ ಇದೇನೂ ಮಹಾ ಎತ್ತರ ಅಲ್ಲ. ಆದರೆ ಪಶ್ಚಿಮದಿಂದ ಚಳಿಗಾಲದಲ್ಲಿ ಬರೋ ತೇವದ ಗಾಳಿ ಮೊದಲು ಬಂದು ಗುದ್ದೋ ಗೋಡೆಗಳಲ್ಲಿ ಇದೂ ಒಂದು. ಹಾಗಾಗಿ ಇಲ್ಲಿ ಬೀಳೋ ಹಿಮ ಅಪಾರ. ಕಾಶ್ಮೀರದ ಕಡೆ, ಬಾಲ್ತಾಲ್‌ನಿಂದ ಮೇಲಕ್ಕೆ ದಾರಿ ಕಡಿದಾದ ಬೆಟ್ಟದ ಮೈಗೆ ಅಂಟಿಕೊಂಡು ಹತ್ತುತ್ತೆ, ತಲೆಯ ಮೇಲೆಲ್ಲ ಹಿಮ ಹೊತ್ತ ಇಳಿಜಾರು. ಮೇಲೆ ಹೇಳಿದ ಅಪಾಯದ ಓರೆಗಳೆಲ್ಲ ಒಂದೇ ಜಾಗದಲ್ಲಿ ಸೇರಿದ ಹಾಗೆ.

ಆ ಫೆಬ್ರುವರಿಯಲ್ಲಿ, ಕಣಿವೆ ಪೂರ್ತಿ ಮುಚ್ಚಿದ್ದಾಗ, ಮೇಜರ್ ಪೃಥ್ವಿ ಚಂದ್ ಅನ್ನೋ ಲಾಹೌಲಿನ ಅಧಿಕಾರಿ ಸುಮಾರು ನಲವತ್ತು ಜನ ಸ್ವಯಂಸೇವಕರನ್ನು ಕಟ್ಟಿಕೊಂಡು, ಲೇಹ್‌ಗೆ ಬೇಕಾದ ಬಂದೂಕು ಮದ್ದುಗುಂಡು ಸಾಗಿಸಿಕೊಂಡು ಜೋಜಿ ಲಾ ದಾಟಿದರು. ಮಾರ್ಚ್ 8ರಂದು ಲೇಹ್ ಮುಟ್ಟಿದರು. ಹಿಮದ ಸ್ವಭಾವವನ್ನು ರಕ್ತದಲ್ಲೇ ಹೊತ್ತ ಲಾಹೌಲಿಗಳು ಅಂತಲೇ ಅದು ಸಾಧ್ಯ ಆಯಿತು ಅನ್ನಿಸುತ್ತೆ. ಅವರ ಜೊತೆ ಹೋದವರಲ್ಲಿ ಸೋನಮ್ ನೊರ್ಬು ಅನ್ನೋ ಲಡಾಖಿ ಎಂಜಿನಿಯರ್ ಇದ್ದರು. ಅವರು ಅಲ್ಲಿಗೆ ಹೋಗಿ ಮಾಡಿದ ಮೊದಲ ಕೆಲಸ, ಊರವರನ್ನು ಸೇರಿಸಿಕೊಂಡು ವಿಮಾನ ಇಳಿಯೋಕೆ ಒಂದು ಪಟ್ಟಿ ಹಸನು ಮಾಡಿದ್ದು. ನಮ್ಮ ಕಾಲೇಜಿನ ಸಿವಿಲ್ ವಿಭಾಗದವರು ಈ ಹೆಸರನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಬೇಕು.

ತಿಮ್ಮಯ್ಯನವರು ಮೇಜರ್ ಜನರಲ್ ಆಗಿ ಕಾಶ್ಮೀರ ಕಣಿವೆಯ ಡಿವಿಜನ್ ವಹಿಸಿಕೊಂಡಿದ್ದು ಆ ವರ್ಷದ ಮೇ ತಿಂಗಳಲ್ಲಿ. ಅದೇ 19ನೇ ಡಿವಿಜನ್. ಅಷ್ಟರಲ್ಲಿ ಹಿಮ ಕರಗಿ ದಾರಿಗಳು ಬಿಚ್ಚಿಕೊಳ್ಳುತ್ತಿದ್ದವು. ವಸಂತ ನಮಗೆ ಮಾತ್ರ ಬರೋದಿಲ್ಲವಲ್ಲ, ಎದುರಾಳಿಗೂ ಬರುತ್ತೆ. ಕಾರ್ಗಿಲ್ ಹೋಯಿತು, ದ್ರಾಸ್ ಹೋಯಿತು, ಬೇಸಿಗೆಯಲ್ಲಿ ಜೋಜಿ ಲಾ ಕೂಡ ಹೋಯಿತು. ಲೇಹ್ ಒಂಟಿಯಾಯಿತು.

ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ಒಂದು ಡಕೋಟಾ ವಿಮಾನವನ್ನು ಸೋನಮ್ ನೊರ್ಬು ಅವರ ಪಟ್ಟಿಯ ಮೇಲೆ ಇಳಿಸಿದರು. ಹನ್ನೊಂದು ಸಾವಿರ ಅಡಿಗೂ ಮೇಲಿನ ಜಾಗ. ದಾರಿಯಲ್ಲಿ ದಾಟಬೇಕಾದ ಶಿಖರಗಳು ಅದಕ್ಕಿಂತ ಎಷ್ಟೋ ಎತ್ತರ. ಅಂಥ ಹಾರಾಟಕ್ಕೆ ಆ ವಿಮಾನ ಮಾಡಿದ್ದೇ ಅಲ್ಲ, ಒತ್ತಡ ಕಾಯೋ ಕ್ಯಾಬಿನ್ ಇರಲಿಲ್ಲ, ಸರಿಯಾದ ನಕ್ಷೆಯೂ ಇರಲಿಲ್ಲ. ಡಿವಿಜನ್ನಿನ ಮುಖ್ಯಸ್ಥರು ಶ್ರೀನಗರದಲ್ಲಿ ಕೂತು ಸುದ್ದಿಗೆ ಕಾಯಬಹುದಿತ್ತು, ಯಾರೂ ಏನೂ ಅನ್ನುತ್ತಿರಲಿಲ್ಲ. ತಿಮ್ಮಯ್ಯ ಅದೇ ವಿಮಾನದಲ್ಲಿ ಕೂತಿದ್ದರು. ಕೆಲವೇ ದಿನಗಳಲ್ಲಿ ಗೂರ್ಖಾ ಸೈನಿಕರು ವಿಮಾನದಲ್ಲಿ ಬಂದಿಳಿದರು, ಲೇಹ್ ಉಸಿರು ಬಿಟ್ಟಿತು. ಮನಾಲಿ ಕಡೆಯಿಂದ ಕಾಲ್ನಡಿಗೆಯಲ್ಲೂ ಒಂದು ಪಡೆ ಎತ್ತರದ ಕಣಿವೆಗಳನ್ನು ದಾಟಿಕೊಂಡು ಹೊರಟಿತು.

ಆದರೆ ವಿಮಾನದಲ್ಲಿ ಒಂದು ಪ್ರದೇಶವನ್ನು ಎಷ್ಟು ದಿನ ಸಾಕೋಕಾಗುತ್ತೆ? ಆ ಪುಟ್ಟ ವಿಮಾನಗಳಲ್ಲಿ, ಚಳಿಗಾಲದ ಮೋಡದಲ್ಲಿ? ರಸ್ತೆ ಬೇಕೇ ಬೇಕು, ರಸ್ತೆ ಬೇಕಾದರೆ ಜೋಜಿ ಲಾ ಬೇಕು. ಸೆಪ್ಟೆಂಬರಿನಲ್ಲಿ 77ನೇ ಪ್ಯಾರಾ ಬ್ರಿಗೇಡ್ ಎರಡು ಸಲ ಪ್ರಯತ್ನ ಮಾಡಿತು. ಎದುರಾಳಿಗಳು ಎರಡೂ ಕಡೆಯ ಬಂಡೆಗಳಲ್ಲಿ, ಗುಹೆಗಳಲ್ಲಿ ಕೂತಿದ್ದರು. ಬರಿಗಾಲಾಳುಗಳು ಆ ಇಕ್ಕಟ್ಟಿನಲ್ಲಿ ಮುನ್ನುಗ್ಗೋದು ಆಗಲಿಲ್ಲ. ಎರಡೂ ಸಲ ವಾಪಸ್.

ಲೇಖನದ ತಲೆಬರಹದಲ್ಲಿರೋ ಪ್ರಶ್ನೆ ಇಲ್ಲಿ ಬರುತ್ತೆ. ಆಗಲೇ ಸೆಪ್ಟೆಂಬರ್ ಮಧ್ಯ. ಇನ್ನೊಂದು ತಿಂಗಳು ಒಂದೂವರೆ ತಿಂಗಳಲ್ಲಿ ಕಣಿವೆ ಮುಚ್ಚಿಕೊಳ್ಳುತ್ತೆ. ಸೈನಿಕರ ಹತ್ತಿರ ಆ ಚಳಿಗೆ ತಕ್ಕ ಬಟ್ಟೆಬರೆ ಸಾಲದು. ಯಾವ ಮೇಷ್ಟ್ರನ್ನು ಕೇಳಿದರೂ ಈ ವರ್ಷ ಬಿಡಿ, ವಸಂತದಲ್ಲಿ ನೋಡೋಣ ಅನ್ನೋದೇ ಬುದ್ಧಿವಂತಿಕೆ ಅಂತಾರೆ. ನಾವು ಕ್ಯಾಲೆಂಡರ್ ಮುಂದಿಟ್ಟುಕೊಂಡು ಲೆಕ್ಕ ಹಾಕಿದೆವು. ಆ ಕಾಲದಲ್ಲಿ ಜೋಜಿ ಲಾ ಬಿಚ್ಚಿಕೊಳ್ಳುತ್ತಿದ್ದದ್ದು ಹೆಚ್ಚುಕಡಿಮೆ ಮೇ ತಿಂಗಳಲ್ಲಿ. ಅಂದರೆ ಏಳೆಂಟು ತಿಂಗಳು ಲೇಹ್‌ಗೆ ರಸ್ತೆ ಇಲ್ಲ. ಅದಕ್ಕಿಂತ ಮುಂಚೆ, ಮಾರ್ಚ್ ಏಪ್ರಿಲ್‌ನಲ್ಲಿ ನುಗ್ಗೋಣ ಅಂದರೆ ಅದೇ ಒದ್ದೆ ಹಿಮ ಕುಸಿಯೋ ಕಾಲ. ಬೆಟ್ಟದ ಮೈ ಕೊರೆದು ಮಾಡಿದ ದಾರಿಯಲ್ಲಿ, ಸಾವಿರಾರು ಜನ, ಹೇಸರಗತ್ತೆ, ಗಾಡಿ, ತೋಪು, ಅದೂ ಗುಂಡಿನ ಸುರಿಮಳೆಯ ನಡುವೆ. ಮುಂಜಾನೆಯೊಳಗೆ ದಾಟಿಬಿಡೋಕೆ ಯುದ್ಧ ಅಂದರೆ ವ್ಯಾಪಾರಿಗಳ ಹೇಸರಗತ್ತೆ ಸಾಲಲ್ಲ. ಮಧ್ಯಾಹ್ನದವರೆಗೂ ಅಲ್ಲೇ ಸಿಕ್ಕಿಕೊಂಡರೆ ಕೆಲಸ ಮುಗಿಸೋಕೆ ಎದುರಾಳಿಯೇ ಬೇಕಾಗಿಲ್ಲ. ಹೇಮಂತದ ಹಿಮ ಇನ್ನೂ ತೆಳು, ನೆಲ ಗಟ್ಟಿ, ಮೇಲಿನ ಇಳಿಜಾರುಗಳಲ್ಲಿ ಚಳಿಗಾಲದ ಪೂರ್ತಿ ಭಾರ ಇನ್ನೂ ಕೂತಿಲ್ಲ. ಚಳಿ ಕೊಲ್ಲಬಹುದು, ಬೆಟ್ಟ ಕೊಲ್ಲೋದಿಲ್ಲ. ಕಿಟಕಿ ಸಣ್ಣದು, ಆದರೆ ಇದ್ದದ್ದು ಅದೊಂದೇ.

ಆ ಕಿಟಕಿಯಲ್ಲಿ ತೂರೋಕೆ ತಿಮ್ಮಯ್ಯ ಆರಿಸಿಕೊಂಡಿದ್ದು ಟ್ಯಾಂಕ್. ಅಷ್ಟು ಎತ್ತರದಲ್ಲಿ ಅದುವರೆಗೆ ಯಾರೂ ಟ್ಯಾಂಕ್ ತೆಗೆದುಕೊಂಡು ಹೋಗಿ ಕಾದಾಡಿರಲಿಲ್ಲ. ಪಶ್ಚಿಮ ಕಮಾಂಡಿನ ಮುಖ್ಯಸ್ಥರಾಗಿ ಮೇಲಿದ್ದವರು ಇನ್ನೊಬ್ಬ ಕೊಡಗಿನವರು, ಕೆ.ಎಂ. ಕಾರಿಯಪ್ಪ. ಕಾರ್ಯಾಚರಣೆಗೆ ಕಾಡುಕೋಣದ ಹೆಸರಿಟ್ಟರು, ಬೈಸನ್ ಅಂತ. ಮೊದಲು ಇದಕ್ಕೆ ಇಟ್ಟಿದ್ದ ಹೆಸರು ಬಾತುಕೋಳಿಯದು. ಬದಲಾಯಿಸಿದ್ದು ಒಳ್ಳೇದೇ ಆಯಿತು.

7ನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನು ಜಮ್ಮು ಕಡೆಯಿಂದ ಗುಟ್ಟಾಗಿ ತರಬೇಕಿತ್ತು. ಟ್ಯಾಂಕಿನ ಮೇಲಿನ ಟರೆಟ್ ಕಳಚಿ ಬೇರೆ ಸಾಗಿಸಿದರು, ದೂರದಿಂದ ನೋಡಿದರೆ ಏನಂತ ಗುರುತು ಸಿಗದ ಹಾಗೆ. ಶ್ರೀನಗರ ದಾಟೋವಾಗ ಕರ್ಫ್ಯೂ ಹಾಕಿದರು. ಇದಕ್ಕಿಂತ ದೊಡ್ಡ ತಲೆನೋವು ಬಾಲ್ತಾಲ್‌ನಿಂದ ಮೇಲಿನದು. ಅಲ್ಲಿದ್ದದ್ದು ಹೇಸರಗತ್ತೆ ನಡೆಯೋ ಕಾಲುದಾರಿ. ಅದನ್ನು 15 ಟನ್ ಹೊರೋ ರಸ್ತೆ ಮಾಡಿದವರು ಮದ್ರಾಸ್ ಸ್ಯಾಪರ್ಸ್, ಬೆಂಗಳೂರಿನ ಹಲಸೂರು ಕೆರೆ ಪಕ್ಕದಲ್ಲಿ ಇವತ್ತಿಗೂ ನೆಲೆ ಇರೋ ಪಡೆ. ಬಂಡೆ ಸಿಡಿಸಿ, ಅಂಚು ಕಟ್ಟಿ, ಕೆಲವೇ ವಾರಗಳಲ್ಲಿ, ಎದುರಾಳಿಯ ಗುಂಡು ತಲೆಯ ಮೇಲೆ ಹಾಯುತ್ತಿದ್ದಾಗ ಮಾಡಿದ ಕೆಲಸ ಅದು. ಜೆಸಿಬಿ ನೋಡಿ ಬೆಳೆದ ನಮಗೆ ಊಹೆಗೂ ಬರೋದು ಕಷ್ಟ.

ಅಕ್ಟೋಬರಿನಲ್ಲೇ ಹೊರಡಬೇಕಾಗಿತ್ತು. ಹವಾಮಾನ ಕೆಟ್ಟು ಹಿಮ ಸುರಿಯಿತು, ದಿನ ಮುಂದಕ್ಕೆ ಹೋಯಿತು. ಒಂದೊಂದು ದಿನ ಕಳೆದ ಹಾಗೂ ಆ ಕಿಟಕಿ ಮುಚ್ಚುತ್ತಾ ಬಂದಿತ್ತು. ಕೊನೆಗೆ 1948ರ ನವೆಂಬರ್ 1. ಹಿಮದ ನಡುವೆಯೇ ಟ್ಯಾಂಕುಗಳು ಕಣಿವೆಯ ಬಾಯಿಗೆ ಹತ್ತಿದವು. ಮುಂದಿನ ಟ್ಯಾಂಕಿನಲ್ಲಿ ಸ್ವತಃ ತಿಮ್ಮಯ್ಯ. ಗುಹೆಗಳಲ್ಲಿ ಕೂತಿದ್ದವರು ಅಲ್ಲಿ ಟ್ಯಾಂಕ್ ಬರಬಹುದು ಅಂತ ಕನಸಲ್ಲೂ ಎಣಿಸಿರಲಿಲ್ಲ. ಹಗಲು ಮುಗಿಯೋದರೊಳಗೆ ಜೋಜಿ ಲಾ ಕೈಗೆ ಬಂತು. ನವೆಂಬರ್ ಮಧ್ಯದಲ್ಲಿ ದ್ರಾಸ್, 24ರ ಹೊತ್ತಿಗೆ ಕಾರ್ಗಿಲ್. ಲೇಹ್ ಕಡೆಯಿಂದ ಬಂದ ಪಡೆಯೂ ಇವರನ್ನು ಸೇರಿಕೊಂಡಿತು.

1949ರ ಜನವರಿ 1ಕ್ಕೆ ಕದನವಿರಾಮ ಜಾರಿಗೆ ಬಂತು. ಯಾರ ಕೈಯಲ್ಲಿ ಏನಿತ್ತೋ ಅದು ಅವರ ಕೈಯಲ್ಲೇ ನಿಂತಿತು. ವಸಂತಕ್ಕೆ ಕಾಯ್ದಿದ್ದರೆ ಆ ವಸಂತ ಬರೋ ಹೊತ್ತಿಗೆ ಯುದ್ಧವೇ ಇರುತ್ತಿರಲಿಲ್ಲ, ಜೋಜಿ ಲಾ, ದ್ರಾಸ್, ಕಾರ್ಗಿಲ್ ಆಚೆ ಇರುತ್ತಿದ್ದವು, ಲೇಹ್‌ಗೆ ಶ್ರೀನಗರದಿಂದ ದಾರಿ ಇರುತ್ತಿರಲಿಲ್ಲ.

ಇದಕ್ಕಿಂತಲೂ ನಮಗೆ ಹಿಡಿಸಿದ್ದು ಅದರ ಮುಂದಿನ ತಿಂಗಳ ಕೆಲಸ. ಅದನ್ನು ಯಾರೂ ಅಷ್ಟಾಗಿ ಹೇಳೋದಿಲ್ಲ. 1948ರ ಡಿಸೆಂಬರಿನಲ್ಲಿ, ಗೆಲುವಿನ ಬಿಸಿ ಇನ್ನೂ ಆರಿರದಿದ್ದಾಗ, ಅವರ 19ನೇ ಡಿವಿಜನ್ ಗುಲ್ಮಾರ್ಗ್‌ನಲ್ಲಿ ಒಂದು ಸ್ಕೀ ಶಾಲೆ ತೆರೆಯಿತು. ಟ್ಯಾಂಕಿನಿಂದ ಒಂದು ದಿನ ಗೆದ್ದದ್ದು ಸರಿ, ಆದರೆ ಇನ್ನು ಮೇಲೆ ವರ್ಷವಿಡೀ ಅಲ್ಲಿ ನಿಲ್ಲಬೇಕಾದವರು ಗಂಗಾ ಬಯಲಿನ, ದಖ್ಖನ್ನಿನ, ಕಾವೇರಿ ಸೀಮೆಯ ಹುಡುಗರು. ಯಾವ ಇಳಿಜಾರಿನ ಕೆಳಗೆ ಡೇರೆ ಹಾಕಬಾರದು, ಹಿಮ ತೋಡಿ ಪದರ ನೋಡೋದು ಹೇಗೆ, ಒಬ್ಬ ಹೂತುಹೋದರೆ ಉಳಿದವರು ಏನು ಮಾಡಬೇಕು, ಇದೆಲ್ಲ ಕಲಿಸದೆ ಬರೋ ವಿದ್ಯೆಯಲ್ಲ. ಆ ಸ್ಕೀ ಶಾಲೆ ಬೆಳೆದು 1962ರಲ್ಲಿ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಅಂತ ಹೆಸರು ಪಡೆಯಿತು. 1969ರಲ್ಲಿ ಮನಾಲಿಯಲ್ಲಿ ಹಿಮಕುಸಿತದ ಅಧ್ಯಯನಕ್ಕೇ ಒಂದು ಸಂಸ್ಥೆ ಹುಟ್ಟಿತು. ಇವತ್ತು ಚಂಡೀಗಢದಿಂದ ದಿನ ದಿನ ಬರೋ ಹಿಮಕುಸಿತದ ಮುನ್ನೆಚ್ಚರಿಕೆ ಅದರ ಮುಂದುವರಿಕೆಯೇ.

ಇಷ್ಟೆಲ್ಲ ಕಲಿತ ಮೇಲೂ ಬೆಟ್ಟ ಸುಮ್ಮನಿರೋದಿಲ್ಲ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, 19,000 ಅಡಿಗೂ ಮೇಲಿನ ಸೋನಮ್ ಠಾಣೆಯ ಮೇಲೆ ಹಿಮದ ಗೋಡೆ ಬಿದ್ದಾಗ ಅಡಿಯಲ್ಲಿ ಸಿಕ್ಕಿಕೊಂಡವರು 19ನೇ ಮದ್ರಾಸ್ ಬೆಟಾಲಿಯನ್ನಿನ ಹತ್ತು ಜನ. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಆರು ದಿನದ ಮೇಲೆ ಜೀವಂತ ಹೊರತೆಗೆದಾಗ ಇಡೀ ರಾಜ್ಯ ದೇವರ ಮುಂದೆ ದೀಪ ಹಚ್ಚಿತ್ತು. ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಆ ಹತ್ತು ಜನರಲ್ಲಿ ಎಚ್.ಡಿ. ಕೋಟೆಯ ಒಬ್ಬರಿದ್ದರು, ಹಾಸನದ ತೇಜೂರಿನ ಒಬ್ಬರಿದ್ದರು. ತೇಜೂರು ನಮಗೆ ಅರಸೀಕೆರೆ ದಾಟಿದರೆ ಪಕ್ಕದ ಊರಿದ್ದ ಹಾಗೆ.

ತಿಮ್ಮಯ್ಯನವರ ಉಳಿದ ಜೀವನ ಪುಸ್ತಕಗಳಲ್ಲಿ ಧಾರಾಳವಾಗಿ ಸಿಗುತ್ತೆ. 1953ರಲ್ಲಿ ಕೊರಿಯಾ ಯುದ್ಧದ ಕೈದಿಗಳನ್ನು ವಾಪಸ್ ಕಳಿಸೋ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾದರು. ಎರಡೂ ಕಡೆಯವರು ಬೈಯೋ ಕೆಲಸ ಅದು. ಮಾರನೇ ವರ್ಷ ಪದ್ಮಭೂಷಣ ಬಂತು. 1957ರ ಮೇ ತಿಂಗಳಿಂದ 1961ರ ಮೇವರೆಗೆ ಭೂಸೇನೆಯ ಮುಖ್ಯಸ್ಥರು. 1959ರಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಮನಸ್ತಾಪವಾಗಿ ರಾಜೀನಾಮೆ ಬರೆದುಕೊಟ್ಟರು, ಪ್ರಧಾನಿ ನೆಹರೂ ಕರೆದು ಮಾತಾಡಿದ ಮೇಲೆ ವಾಪಸ್ ತೆಗೆದುಕೊಂಡರು. ವಾಪಸ್ ತೆಗೆದುಕೊಳ್ಳಬಾರದಿತ್ತು ಅನ್ನೋರು ಇವತ್ತಿಗೂ ಇದ್ದಾರೆ. ನಮ್ಮ ಬಳಗದಲ್ಲೇ ಇದರ ಬಗ್ಗೆ ಎರಡು ಪಕ್ಷ ಆಯಿತು, ಕ್ಯಾಂಟೀನ್ ಮುಚ್ಚೋವರೆಗೂ ತೀರ್ಮಾನ ಆಗಲಿಲ್ಲ. ನಿವೃತ್ತಿಯಾದ ಒಂದೂವರೆ ವರ್ಷಕ್ಕೆ ಚೀನಾ ಯುದ್ಧ ಬಂತು. ಎತ್ತರದ ಚಳಿಗೆ ತಕ್ಕ ಸಿದ್ಧತೆ ಇಲ್ಲದೆ ನಮ್ಮ ಸೈನಿಕರು ಪಟ್ಟ ಪಾಡನ್ನು ಅವರು ದೂರದಿಂದಲೇ ನೋಡಬೇಕಾಯಿತು. ಜೋಜಿ ಲಾದಲ್ಲಿ ಚಳಿಗಾಲದ ಬಟ್ಟೆಯಿಲ್ಲದ ಸೈನಿಕರನ್ನು ನೋಡಿದ್ದ ಮನುಷ್ಯನಿಗೆ ಅದು ಹೇಗನ್ನಿಸಿರಬೇಕು?

1964ರಲ್ಲಿ ವಿಶ್ವಸಂಸ್ಥೆ ಕರೆದು ಸೈಪ್ರಸ್ ದ್ವೀಪದ ಶಾಂತಿಪಡೆಯನ್ನು ಅವರ ಕೈಗಿತ್ತಿತು. ಅಲ್ಲಿ ಗ್ರೀಕರ ಮತ್ತು ತುರ್ಕರ ನಡುವೆ ಬೆಂಕಿ ಆರಿಸೋ ಕೆಲಸದಲ್ಲಿದ್ದಾಗಲೇ, 1965ರ ಡಿಸೆಂಬರ್ 18ರಂದು, ಹೃದಯಾಘಾತದಿಂದ ತೀರಿಕೊಂಡರು. ಐವತ್ತೊಂಬತ್ತು ವರ್ಷ. ದೇಹವನ್ನು ಬೆಂಗಳೂರಿಗೆ ತಂದರು. ಮರುವರ್ಷ ಸೈಪ್ರಸ್ ದೇಶ ಅವರ ನೆನಪಿಗೆ ಒಂದು ಅಂಚೆಚೀಟಿ ಹೊರಡಿಸಿತು.

ಮಡಿಕೇರಿಯಲ್ಲಿ ಅವರು ಬೆಳೆದ ಮನೆಗೆ ಸನ್ನಿಸೈಡ್ ಅಂತ ಹೆಸರು. ಎಷ್ಟೋ ವರ್ಷ ಸರ್ಕಾರಿ ಕಚೇರಿಯಾಗಿದ್ದು, 2021ರ ಫೆಬ್ರುವರಿಯಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಮುಂದಿನ ಸಲ ಅಬ್ಬಿ ಜಲಪಾತ, ರಾಜಾಸೀಟ್ ಅಂತ ಹೊರಟಾಗ ಒಂದು ಗಂಟೆ ಅಲ್ಲಿಗೂ ಇಟ್ಟುಕೊಳ್ಳಿ.

ಜೋಜಿ ಲಾ ಈಗಲೂ ಪ್ರತಿ ಚಳಿಗಾಲ ಮುಚ್ಚುತ್ತೆ. ಗಡಿ ರಸ್ತೆ ಸಂಸ್ಥೆಯವರು ವಸಂತದಲ್ಲಿ ಎರಡೂ ಕಡೆಯಿಂದ ಹಿಮ ಕೊರೆದುಕೊಂಡು ಬಂದು ದಾರಿ ಬಿಡಿಸುತ್ತಾರೆ. ಮೊದಲು ಐದಾರು ತಿಂಗಳು ಮುಚ್ಚಿರುತ್ತಿದ್ದದ್ದು ಈಚೆಗೆ ಒಂದೆರಡು ತಿಂಗಳಿಗೆ ಇಳಿದಿದೆ. ಕುಸಿತದ ಭಯಕ್ಕೆ ದಿನಕ್ಕೆ ಇಂತಿಷ್ಟೇ ಹೊತ್ತು, ಒಂದೇ ದಿಕ್ಕಿಗೆ ವಾಹನ ಬಿಡುವ ದಿನಗಳೂ ಉಂಟು. ಸೋನಾಮಾರ್ಗ್ ಸುರಂಗ 2025ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಅದರ ಮುಂದೆ, ಕಣಿವೆಯ ಹೊಟ್ಟೆಯೊಳಗೇ 13 ಕಿಲೋಮೀಟರಿಗೂ ಉದ್ದದ ಇನ್ನೊಂದು ಸುರಂಗದ ಕೆಲಸ ನಡೆದಿದೆ. ಅದು ಮುಗಿದ ಮೇಲೆ ತಿಮ್ಮಯ್ಯನವರ ಟ್ಯಾಂಕ್ ಹತ್ತಿದ ತಿರುವುಗಳ ಮೇಲೆ ಚಳಿಗಾಲದಲ್ಲಿ ಯಾರೂ ಹೋಗಬೇಕಾಗಿಲ್ಲ. ಹಿಮ ತನ್ನ ಪಾಡಿಗೆ ತಾನು ಬಿದ್ದು, ಏಪ್ರಿಲ್‌ನಲ್ಲಿ ತನ್ನ ಪಾಡಿಗೆ ತಾನು ಕುಸಿದುಕೊಳ್ಳಬಹುದು.